ಗಿಣಿಗೆ ಇನ್ನೊಂದು ಬಾಗಿಲು

ಚನ್ನಗಿರಿ
೧೨-೬-೧೯೩೮

ಚಿ. ಸೌ. ಕಸ್ತೂರಿಗೆ ಶಂಕರಮ್ಮನ ಆಶೀರ್ವಾದ.

ನಿನ್ನ ಹೆಸರಿನ ಮುಂದೆ 'ಸೌ' ಎಂದು ಬರೆಯುವಾಗ ಕೈ ಒಂದು ಗಳಿಗೆ ನಿಂತಿತು. ನನ್ನ ಮಗ ಮರುಳಸಿದ್ದ ತೀರಿಕೊಂಡ ದಿನ ಆ ಅಕ್ಷರವನ್ನು ನಿನ್ನಿಂದ ಕಿತ್ತುಕೊಂಡವರಲ್ಲಿ ನಾನೂ ಒಬ್ಬಳು. ಎರಡು ವರ್ಷದ ಮೇಲೆ ನಿನಗೆ ಹಸಿರು ಸೀರೆ ಉಡಿಸಿ, ಮರುಮದುವೆಯ ಉಡಿಕೆ ಮಾಡಿ, ಜಗಳೂರಿನ ಕೊಟ್ರಬಸಪ್ಪನವರ ಜೊತೆ ಕಳಿಸಿದವಳೂ ನಾನೇ. ಅದಕ್ಕೇ ಇನ್ನೊಮ್ಮೆ ಶಾಯಿ ಅದ್ದಿ ದಪ್ಪಗೆ ಬರೆದೆ. ಅಂಚೆಯವನ ಕಣ್ಣಿಗೂ ಬೀಳಲಿ.

ನೀನು ಹೋಗಿ ನಾಲ್ಕು ತಿಂಗಳಾಯಿತು. ಈ ಕಾಗದ ಗಿಣಿಯ ಸಲುವಾಗಿ. ಮರುಳಸಿದ್ದ ಹೊನ್ನಾಳಿ ಸಂತೆಯಿಂದ ತಂದ ಸಂಗಣ್ಣ ಈಗ ಪಂಜರ ಬಿಟ್ಟು ಹೊರಗೆ ಬರುತ್ತಿಲ್ಲ. ಬಾಗಿಲು ತೆಗೆದಿಟ್ಟರೆ ಹಿಂದಿನ ಮೂಲೆಗೆ ಸರಿದು ಮೈ ಮುದುಡಿಕೊಂಡು ನಿಲ್ಲುತ್ತದೆ. ತಪ್ಪು ನನ್ನದೇ. ಅವನು ಹೋದ ಮೇಲೂ ಅದು ಅವನದೇ ದನಿಯಲ್ಲಿ 'ಅವ್ವಾ' ಎಂದು ಕರೆಯುತ್ತಿತ್ತಲ್ಲ, ಹೊಲದಿಂದ ಬಂದು ಕಾಲು ತೊಳೆಯುತ್ತಾ ಅವನು ಕರೆಯುತ್ತಿದ್ದ ಹಾಗೇ, ಅದನ್ನು ಕೇಳಲಾರದೆ ಪಂಜರದ ಮೇಲೆ ಕಂಬಳಿ ಹೊದಿಸಿದೆ. 'ಪಾಪ, ಅದಕ್ಕೇನು ಗೊತ್ತೈತ್ರೀ ಅತ್ತೆ' ಎಂದ ನಿನ್ನ ಮೇಲೂ ಹರಿಹಾಯ್ದೆ. ನೀನು ಹೋದ ವಾರದಲ್ಲಿ ಪಂಜರಕ್ಕೆ ಇರುವೆ ಹತ್ತಿದವು. ತೊಳೆಯೋಣವೆಂದು ಕೈಗೆ ಬಟ್ಟೆ ಸುತ್ತಿ, ಬಾಗಿಲಲ್ಲಿ ಕೈಹಾಕಿ ಹಿಡಿದೆಳೆದೆ. ಅದು ಕಚ್ಚಿತು, ನಾನು ಕಿರುಚಿದೆ, ಬಾಲದ ಎರಡು ಗರಿ ನನ್ನ ಕೈಯಲ್ಲಿ ಉಳಿದವು. ಅಂದಿನಿಂದ ಅದು ಮೂಕ.

ಅವನದೊಂದು ಭಾವಚಿತ್ರ ಕೂಡ ನಮ್ಮಲ್ಲಿಲ್ಲ. ಅವನದು ಅಂತ ಈ ಭೂಮಿಯ ಮೇಲೆ ಉಳಿದಿರುವುದು ಆ ಗಿಣಿಯ ಗಂಟಲಲ್ಲಿರುವ ಒಂದು 'ಅವ್ವಾ'. ಅದನ್ನು ನಾನೇ ಕಂಬಳಿ ಹಾಕಿ ಮುಚ್ಚಿದೆ. ಕಣ್ಣು ಮುಚ್ಚುವುದರೊಳಗೆ ಇನ್ನೊಮ್ಮೆ ಕೇಳಬೇಕು. ಅವನು ಅದನ್ನು ಹೊರಗೆ ಹೇಗೆ ಕರೆಯುತ್ತಿದ್ದ? ನಿನಗೆ ಗೊತ್ತಿರಬೇಕು. ಬರೆ.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಸಾವಕಾಶವಾಗಿ ಓದಿಕೋ.

ಇಂತಿ,
ಶಂಕರಮ್ಮ


ಜಗಳೂರು
೩-೭-೧೯೩೮

ಪೂಜ್ಯ ಶಂಕರಮ್ಮನವರ ಪಾದಗಳಿಗೆ ಕಸ್ತೂರಿಯ ನಮಸ್ಕಾರ.

ಮೊದಲು 'ಅತ್ತೆಯವರಿಗೆ' ಎಂದು ಬರೆದು ಹೊಡೆದುಹಾಕಿದೆ. ಇಲ್ಲಿ ಓರಗಿತ್ತಿ ದ್ಯಾಮಮ್ಮ ಹೇಳುತ್ತಾಳೆ, ಉಡಿಕೆಯಾದವಳು ಹಿಂದಿನ ಮನೆಯ ವರಸೆ ಹಿಡಿದು ಯಾರನ್ನೂ ಕರೆಯಬಾರದಂತೆ. ಬೇರೆ ವರಸೆ ಯಾವುದೆಂದು ನನಗೆ ಗೊತ್ತಾಗಲಿಲ್ಲ. ಹೊಡೆದುಹಾಕಿದ್ದು ನಿಮಗೆ ಕಾಣಿಸುತ್ತದೆ, ಕಾಣಿಸಲಿ ಎಂದೇ ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ.

ನಿಮ್ಮ ಕಾಗದ ಬಂದಾಗ ಯಾರಿಗೆ ಏನಾಯಿತೋ ಎಂದು ಒಡೆಯಲು ಹೆದರಿದೆ. ಗಿಣಿಯ ಸುದ್ದಿ ಎಂದು ತಿಳಿದ ಮೇಲೆ ಅಡುಗೆಮನೆಯಲ್ಲಿ ಕೂತು ಮೂರು ಸಲ ಓದಿದೆ. ನನ್ನನ್ನು ಕಳಿಸಿದ ಮೇಲೆ ಮರೆತುಬಿಡುತ್ತೀರಿ ಎಂದುಕೊಂಡಿದ್ದೆ. ನೀವು ಮಾಡಿದ ಉಪಕಾರಕ್ಕೆ ಅಷ್ಟಾದರೂ ಬೆಲೆ ತೆರಬೇಕಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಇವರು ಒಳ್ಳೆಯವರು. ಶೇಂಗಾ ವ್ಯಾಪಾರ, ಮಾತು ಕಡಿಮೆ, ಮನೆಗೆ ಬಂದಾಗ ಬಾಗಿಲಲ್ಲೇ ಕೆಮ್ಮಿ ಬರುತ್ತಾರೆ, ನಾನು ಬೆಚ್ಚಬಾರದು ಎಂದು.

ಸಂಗಣ್ಣನ ವಿಷಯ. ಕಂಬಳಿ ತೆಗೆಯಿರಿ. ಪಂಜರವನ್ನು ತೊಲೆಯಿಂದ ಇಳಿಸಿ ನಿಮ್ಮ ಎದೆಯ ಮಟ್ಟಕ್ಕೆ ಇಡಿ, ನೀವು ಅಕ್ಕಿ ಆರಿಸುವ ಜಾಗದ ಹತ್ತಿರ. ಅದರ ಮುಖ ನೋಡಬೇಡಿ. ನಿಮ್ಮ ಪಾಡಿಗೆ ನೀವು ಕೆಲಸ ಮಾಡಿ, ಮಾತಾಡಿ. ಬಾಗಿಲು ತೆಗೆದೇ ಇರಲಿ, ಕೈ ಮಾತ್ರ ಒಳಗೆ ಹೋಗಕೂಡದು. ಅವರು ಹಾಗೇ ಮಾಡುತ್ತಿದ್ದರು.

ಇನ್ನೊಂದು ಸಂಗತಿ ಇದೆ. ಅದನ್ನು ನಿಮಗೆ ಹೇಳಬಾರದೆಂದು ಅವರು ಆಣೆ ಹಾಕಿಸಿದ್ದರು.

ಕಾಲಿಗೆರಗುವ,
ಕಸ್ತೂರಿ


ಚನ್ನಗಿರಿ
೧೪-೮-೧೯೩೮

ಚಿ. ಸೌ. ಕಸ್ತೂರಿಗೆ ಆಶೀರ್ವಾದ.

ನೀನು ಹೊಡೆದುಹಾಕಿದ್ದನ್ನೇ ಮೊದಲು ಓದಿದೆ.

ಹೇಳಿದಂತೆ ಕಂಬಳಿ ತೆಗೆದೆ, ಪಂಜರ ಇಳಿಸಿದೆ. ಒಂದು ತಿಂಗಳಿಡೀ ಆ ಗಿಣಿಗೆ ಬೆನ್ನು ಮಾಡಿ ಕೂತು ಮಾತಾಡಿದ್ದೇ ಆಯಿತು. ಮೈದುನ ಮುರುಗೇಶಪ್ಪ ಪಕ್ಕದ ಮನೆಯಿಂದ ಬಂದು ನೋಡಿ, 'ಅತ್ತಿಗೇರು ಗ್ವಾಡೆ ಜತಿ ಮಾತಾಡಾಕೆ ಹತ್ಯಾರಲ್ಲಪ್ಪ' ಎಂದು ಊರೆಲ್ಲ ಹೇಳಿಕೊಂಡು ಬಂದ. ಗೋಡೆಯಾದರೂ ತಿರುಗಿ ಮಾತಾಡೀತು ಎಂದೆ.

ಮೊದಲಿನಂತೆ ಅದು ನಡುಗುವುದಿಲ್ಲ, ಅಷ್ಟು ಲಾಭ. ಆದರೆ ನನ್ನ ಕೈಯಿಂದ ಏನೂ ಮುಟ್ಟುವುದಿಲ್ಲ. ಯಾವ ಮನೆಯ ಗಿಣಿಗೆ ಇಂಥ ಭೋಗ ಉಂಟು ಹೇಳು. ನಾನು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಮಡಿಯಲ್ಲೇ ಕಡಲೆ ನೆನೆಸಿ, ಬೆಲ್ಲ ಸೇರಿಸಿ, ಪೇರಲಹಣ್ಣು ತೊಳೆದು ಒರೆಸಿ, ಬಾಳೆಲೆಯ ತುಂಡಿನ ಮೇಲಿಟ್ಟು ಕೊಡುತ್ತೇನೆ. ಐನೋರಿಗೂ ಇಷ್ಟು ಮರ್ಯಾದೆ ಮಾಡಿಲ್ಲ. ಅದು ಕತ್ತು ಓರೆ ಮಾಡಿ ನೋಡುತ್ತದೆ, ಅತ್ತ ತಿರುಗುತ್ತದೆ. ನಾನು ಎದ್ದುಹೋದ ಮೇಲೆ ಎರಡು ಕಾಳು ಕುಕ್ಕುತ್ತದೆ. ಬಡವಾಗಿದೆ ಕಸ್ತೂರಿ. ಎದೆಯ ಮೂಳೆ ಕಾಣುತ್ತದೆ.

ಆಣೆ ಏನದು? ಅವನು ನನಗೆ ಹೇಳದೆ ಮುಚ್ಚಿಟ್ಟದ್ದು ಏನಿತ್ತು? ಅವನೇ ಇಲ್ಲದ ಮೇಲೆ ಆಣೆ ಇನ್ನು ಯಾರನ್ನು ಕಾಯಬೇಕು? ಗಿಣಿ ಉಳಿಯಬೇಕಾದರೆ ಹೇಳು. ನಾನು ಬೈಯುವುದಿಲ್ಲ. ಬೈದರೂ ಜಗಳೂರಿಗೆ ಕೇಳಿಸುವುದಿಲ್ಲ.

ಇಂತಿ,
ಶಂಕರಮ್ಮ


ಜಗಳೂರು
೧೦-೯-೧೯೩೮

ಅತ್ತೆಯವರಿಗೆ ಕಸ್ತೂರಿಯ ನಮಸ್ಕಾರ. ಈ ಸಲ ಹೊಡೆದುಹಾಕಲಿಲ್ಲ.

ಆಣೆಯ ಪಾಪ ನನಗಿರಲಿ, ಹೇಳಿಬಿಡುತ್ತೇನೆ. ಅವರು ಸಂಗಣ್ಣನಿಗೆ ಎಂಜಲು ಕೊಡುತ್ತಿದ್ದರು.

ಬಾಯಿಗೆ ಹಾಕಿದ್ದನ್ನು ಇನ್ನೊಂದು ಜೀವಕ್ಕೆ ಕೊಡಕೂಡದೆಂಬುದು ನಮ್ಮ ಮನೆಯಲ್ಲಿ ನಿಮ್ಮ ಕಟ್ಟುನಿಟ್ಟು. ಚಿಕ್ಕಂದಿನಲ್ಲಿ ಕರುವಿಗೆ ಕಚ್ಚಿದ ಬೆಲ್ಲ ತಿನ್ನಿಸಿದ್ದಕ್ಕೆ ಅವರಿಗೆ ಬಾರಿಸಿದ್ದಿರಂತೆ. ಅದಕ್ಕೇ ನೀವು ಪೂಜೆಗೆ ಕೂತಾಗಲೇ ಅವರು ಪಂಜರದ ಹತ್ತಿರ ಹೋಗುತ್ತಿದ್ದರು. ಹಸಿಮೆಣಸಿನಕಾಯಿಯ ತುದಿ ಕಚ್ಚುವುದು, ಹಾ ಹಾ ಎಂದು ಕುಣಿಯುವುದು, ಉಳಿದದ್ದನ್ನು ಅದಕ್ಕೆ ಹಿಡಿಯುವುದು. ಪೇರಲ ಅರ್ಧ ಅವರದು, ಅರ್ಧ ಅದರದು. ನಾನು ನೋಡಿ ನಕ್ಕಿದ್ದಕ್ಕೆ ಆಣೆ ಹಾಕಿಸಿದರು. 'ಅವ್ವಗೆ ಗೊತ್ತಾದ್ರೆ ಗಿಣೀನೂ ಇರಲ್ಲ, ನಾನೂ ಇರಲ್ಲ' ಎಂದು. ಮೊದಲ ಸಲ ಸಂತೆಯಿಂದ ತಂದಾಗಲೂ ಅದು ಮೂರು ದಿನ ಉಪವಾಸವಿತ್ತು. 'ನಾನು ತಿಂದು ಸಾಯ್ಲಿಲ್ಲ ನೋಡು, ನೀನೂ ತಿನ್ನು' ಎಂದು ತೋರಿಸಿದ ಮೇಲೆ ತಿಂದದ್ದಂತೆ.

ನೀವು ಮಡಿಯಲ್ಲಿ, ದೂರದಿಂದ, ಎಲೆಯ ಮೇಲೆ ಇಡುತ್ತೀರಿ. ನಿಮಗೆ ಅದು ಮರ್ಯಾದೆ. ಅದಕ್ಕೆ ಅನುಮಾನ.

ತಪ್ಪಿದ್ದರೆ ಕ್ಷಮಿಸಿ. ಅವರನ್ನೂ ಕ್ಷಮಿಸಿ. ಇವರು ಸಂಗಣ್ಣನಿಗೆಂದು ಒಂದು ಚೀಲ ಶೇಂಗಾ ಕಳಿಸುತ್ತಿದ್ದಾರೆ. ನಾನು ಕೇಳಲಿಲ್ಲ, ಕಾಗದದ ವಿಷಯ ಹೇಳಿದಾಗ ತಾವೇ ಎದ್ದು ಹೋಗಿ ಆರಿಸಿ ತುಂಬಿದರು.

ಕಾಲಿಗೆರಗುವ,
ಕಸ್ತೂರಿ


ಚನ್ನಗಿರಿ
೨೦-೧೧-೧೯೩೮

ಚಿ. ಸೌ. ಕಸ್ತೂರಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ನಾಲ್ಕು ದಿನ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಅವನು ಎಂಜಲು ಕೊಟ್ಟದ್ದಕ್ಕಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗ ನನಗೆ ಹೆದರಿ ಒಂದು ಮೆಣಸಿನಕಾಯಿಯನ್ನು ಕದ್ದು ತಿನ್ನಿಸಬೇಕಾಯಿತಲ್ಲ, ಅದಕ್ಕೆ.

ಐದನೆಯ ದಿನ ಲಿಂಗಪೂಜೆಗೆ ಬಂದ ಐನೋರನ್ನು ಕೇಳಿದೆ. ಅವರು ನಕ್ಕು, 'ಗಿಣಿ ಕಚ್ಚಿದ ಹಣ್ಣು ರುಚಿ ಅಂತ ನಾವು ಆರಿಸ್ಕೊಂಡು ತಿಂತೀವಿ. ನಾವು ಕಚ್ಚಿದ್ದು ಗಿಣಿ ತಿಂದ್ರೆ ಏನು ತಪ್ಪೈತ್ರೀ ತಾಯಿ?' ಎಂದರು. ಐವತ್ತೆಂಟು ವರ್ಷ ಈ ಮಾತು ನನಗೆ ಹೊಳೆದಿರಲಿಲ್ಲ ನೋಡು.

ಪೇರಲ ಕಚ್ಚಿದೆ. ಇರುವ ಹಲ್ಲು ಎಷ್ಟೋ, ಅಷ್ಟರಲ್ಲೇ. ಉಳಿದದ್ದನ್ನು ಹಿಡಿದೆ. ಸಂಗಣ್ಣ ನನ್ನ ಬಾಯಿ ನೋಡಿದ, ಹಣ್ಣು ನೋಡಿದ, ಒಂದೊಂದೇ ಹೆಜ್ಜೆ ಸರಿದು ಬಂದು ಕಂಬಿಯ ಸಂದಿಯಿಂದ ಕೊಕ್ಕು ಹಾಕಿದ. ತಿಂದ ಕಸ್ತೂರಿ! ನನ್ನ ಕೈಯಿಂದ ತಿಂದ. ನಾನು ಒಬ್ಬಳೇ ಕೂತು ಅತ್ತೆ, ಅಳುತ್ತಲೇ ಇನ್ನೊಂದು ಹಣ್ಣು ಕಚ್ಚಿದೆ. ಕೊಟ್ರಬಸಪ್ಪನವರ ಶೇಂಗಾಕ್ಕೆ ನನ್ನದೂ ಗಿಣಿಯದೂ ನಮಸ್ಕಾರ ಹೇಳು. ಅರ್ಧ ಚೀಲ ನಾನೇ ತಿಂದು ಮುಗಿಸಿದ್ದೇನೆ, ಅದಕ್ಕೆ ನಂಬಿಕೆ ಬರಲಿ ಎಂದು.

ಮೈ ತುಂಬಿಕೊಂಡಿತು. ಆದರೂ ಹೊರಗೆ ಬರಲಿಲ್ಲ. ಬಾಗಿಲವರೆಗೆ ಬರುವುದು, ಬಾಗಿಲನ್ನು ನೋಡಿದ ಕೂಡಲೇ ಹಿಂದೆ ಓಡುವುದು. ಬಡಗಿ ಪಾಲಣ್ಣ ನೇಗಿಲು ಸರಿಮಾಡಲು ಬಂದವನು ಇದನ್ನು ನೋಡುತ್ತಾ ಕೂತಿದ್ದ. 'ಅಮ್ಮಾರೆ, ಅದಕ್ಕೆ ನಿಮ್ಮ ಭಯ ಇಲ್ಲ. ಆ ಬಾಗಿಲ ಭಯ. ಅದ್ರಾಗೇ ಅಲ್ವಾ ನೀವು ಕೈ ಹಾಕಿ ಎಳೆದಿದ್ದು? ಇನ್ನೊಂದು ಬಾಗಿಲು ಮಾಡಾಣ' ಎಂದ. ನಾಲ್ಕು ಕಂಬಿ ಕುಯ್ದು ಪಂಜರದ ಇನ್ನೊಂದು ಮಗ್ಗುಲಿಗೆ ಬಾಗಿಲು ಕೂರಿಸಿದ, ಹಳೆಯದನ್ನು ತಂತಿ ಬಿಗಿದು ಮುಚ್ಚಿದ.

ಮೂರನೆಯ ದಿನ ನಾನು ಅಕ್ಕಿ ಆರಿಸುತ್ತಿದ್ದೆ. ಸಂಗಣ್ಣ ಹೊಸ ಬಾಗಿಲಿನಿಂದ ಇಳಿದು, ನೆಲದ ಮೇಲೆ ಅತ್ತಿತ್ತ ಹೊಯ್ದಾಡುತ್ತಾ ನಡೆದು ಬಂದು ಮೊರದ ಅಂಚಿಗೆ ಹತ್ತಿ ಕೂತ. ಆರಿಸುವುದು ನಿಲ್ಲಿಸಿದೆ. ಈಗ ಕರೆಯುತ್ತಾನೆ ಎಂದುಕೊಂಡೆ. ಅದು ಕತ್ತು ಉಬ್ಬಿಸಿ ಬಾಯಿ ತೆರೆಯಿತು.

'ಕಸ್ತೂರೀ! ಎಲ್ಲಿ ಹಾಳಾಗಿ ಹೋದ್ಯೇ?'

ನನ್ನ ದನಿ. ನನ್ನದೇ. ಮಗನ ದನಿ ಕೇಳಬೇಕೆಂದು ಆರು ತಿಂಗಳು ಕಾದವಳಿಗೆ ನನ್ನ ಬಾಯಿಯನ್ನೇ ತಿರುಗಿಸಿ ಕೊಟ್ಟಿತು. ಅಷ್ಟು ಗಡುಸೇನೇ ನನ್ನ ದನಿ? ನಾಲ್ಕು ವರ್ಷ ದಿನಕ್ಕೆ ಹತ್ತು ಸಲ ಇದನ್ನು ಕೇಳಿಕೊಂಡು ಹೇಗಿದ್ದೆ? ಅವನು ಹೋದ ಮೇಲೆ, ನೀನು ಬಿಳಿ ಸೀರೆಯಲ್ಲಿ ಹಿತ್ತಲಲ್ಲಿ ಕೂತು ಅಳುತ್ತಿದ್ದಾಗಲೂ ಹೀಗೇ ಕೂಗಿದ್ದೇನೆ. ನಾನು ನಿನಗಿಂತ ಹಿರಿಯಳು, ಕಾಲಿಗೆ ಬೀಳುವ ಹಾಗಿಲ್ಲ. ಕಾಗದದಲ್ಲಿ ತಪ್ಪಾಯಿತು ಎನ್ನುತ್ತೇನೆ.

ಇಂತಿ,
ಶಂಕರಮ್ಮ


ಜಗಳೂರು
೮-೧-೧೯೩೯

ಅತ್ತೆಯವರಿಗೆ ಕಸ್ತೂರಿಯ ಸಾಷ್ಟಾಂಗ ನಮಸ್ಕಾರ.

ಗಿಣಿಗೆ ಹೇಳಿ, ಕಸ್ತೂರಿ ಜಗಳೂರಿಗೆ ಹಾಳಾಗಿ ಹೋದಳು ಎಂದು.

ನಿಮ್ಮ ಕಾಗದ ಓದಿ ಎಷ್ಟು ನಕ್ಕೆನೆಂದರೆ ದ್ಯಾಮಮ್ಮ ಬಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಅಳು ಬಂತು. ತಪ್ಪಾಯಿತು ಎನ್ನಬೇಡಿ. ಇಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ. ಗಂಡನಾದವರು ಕರೆಯುವ ಹಾಗಿಲ್ಲ, 'ಇಲ್ಲಿ ಕೇಳು' ಎನ್ನುತ್ತಾರೆ. ಉಳಿದವರಿಗೆ ನಾನು 'ಚನ್ನಗಿರಿಯಾಕೆ'. ಹೋದ ವರ್ಷದಿಂದ ಈ ಲೋಕದಲ್ಲಿ ನನ್ನ ಹೆಸರು ಕೂಗಿದ್ದು ಸಂಗಣ್ಣ ಒಬ್ಬನೇ. ನಿಮ್ಮ ಗದರಿಕೆ ಗಡುಸೇ, ಸುಳ್ಳು ಏಕೆ ಹೇಳಲಿ. ಆದರೆ ನೀವು ಕೂಗುತ್ತಿದ್ದುದು ಊಟದ ಹೊತ್ತಿಗೆ. ಹಿತ್ತಲಲ್ಲಿ ಅಳುತ್ತಿದ್ದವಳನ್ನು ಅಷ್ಟು ಗಟ್ಟಿಯಾಗಿ ಕೂಗಿ ಒಳಗೆ ಕರೆಸಿ, ತಟ್ಟೆಯ ಮುಂದೆ ಕೂರಿಸದಿದ್ದರೆ ನಾನು ಉಳಿಯುತ್ತಿರಲಿಲ್ಲ. ಅದು ಗಿಣಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ. ಅಪ್ಪ ಅಮ್ಮ ಇಲ್ಲದವಳಿಗೆ ನೀವು ಎರಡು ಸಲ ಬದುಕು ಕೊಟ್ಟಿರಿ.

ಒಂದು ಸುದ್ದಿ. ನನಗೆ ಈಗ ಐದು ತಿಂಗಳು. ಇವರಿಗೆ ಸಂತೋಷ ತಡೆಯಲಾರದೆ ಕೆಮ್ಮು ಇನ್ನೂ ಹೆಚ್ಚಾಗಿದೆ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕೆಂದು ನನ್ನನ್ನು ಸಾಕಿದ ನ್ಯಾಮತಿಯ ಮಾವನಿಗೆ ಇವರು ಹೇಳಿಕಳಿಸಿದರು. 'ಒಂದು ಸಲ ಧಾರೆ ಎರೆದು ಕೊಟ್ಟಾಗ್ಲೇ ನಮ್ ಋಣ ತೀರ್ತು. ಉಡಿಕೆ ಬಾಣಂತನ ನಮ್ಮನೇಲಿ ಬ್ಯಾಡ' ಎಂದು ಉತ್ತರ ಬಂತು. ಇಲ್ಲಿಯೇ ಆಗುತ್ತದೆ ಬಿಡಿ. ಇದನ್ನು ಏನೋ ಕೇಳಬೇಕೆಂದು ಬರೆದದ್ದಲ್ಲ. ಹೇಳಿಕೊಳ್ಳಲು ನೀವಿದ್ದೀರಿ ಎಂದು ಬರೆದೆ.

ಕಾಲಿಗೆರಗುವ,
ಕಸ್ತೂರಿ


ಚನ್ನಗಿರಿ
೨-೩-೧೯೩೯

ಚಿ. ಸೌ. ಕಸ್ತೂರಿಗೆ ಆಶೀರ್ವಾದ.

ಉತ್ತರ ತಡವಾಯಿತು. ಮನೆಯಲ್ಲಿ ಗೋಡೆ ಒಡೆಯುವ ಕೆಲಸವಿತ್ತು.

ನಿನ್ನ ಕಾಗದ ಬಂದ ದಿನವೇ ಮುರುಗೇಶಪ್ಪನನ್ನು ಕರೆಸಿ, ಕಸ್ತೂರಿಯ ಬಾಣಂತನ ಇಲ್ಲಿ ಎಂದೆ. ಅವನು ಎದ್ದು ನಿಂತ. 'ಅತ್ತಿಗೇರೆ, ಎಲ್ಲಾರ ಉಂಟಾ? ಉಡಿಕೆಯಾಗಿ ಹೋದೋಳು ಮೊದಲಿನ ಗಂಡನ ಮನೆ ಹೊಸ್ತಿಲು ತುಳಿಯಂಗಿಲ್ಲ. ಹಿಂದಿನಿಂದ ಬಂದ ಪದ್ಧತಿ. ಸೇರಕ್ಕಿ ಒದ್ದು ಸೊಸೆಯಾಗಿ ಒಳಗೆ ಬಂದ ಹೊಸ್ತಿಲು ಅದು. ಇನ್ನೊಬ್ಬನ ಬಸುರು ಹೊತ್ತು ಹೆಂಗೆ ದಾಟ್ತಾಳೆ?' ಎಂದ. ನಾನು ಬೈದೆ. ಅವನೂ ಬೈದ. ಹೋದ ಮೇಲೆ ಯೋಚಿಸಿದರೆ ಅವನ ಮಾತು ಪೂರ್ತಿ ಸುಳ್ಳಲ್ಲ. ಆ ಬಾಗಿಲಿನಲ್ಲೇ ನಿನ್ನನ್ನು ಕಳಿಸಿದ್ದು. ತಿರುಗಿ ನೋಡಬೇಡ ಎಂದು ಬಾಗಿಲು ಹಾಕಿಕೊಂಡವಳು ನಾನು. ಆ ಹೊಸ್ತಿಲಿಗೆ ಬಂದರೆ ನಿನಗೇ ಕಾಲು ಏಳಲಿಕ್ಕಿಲ್ಲ.

ಸಂಗಣ್ಣ ಮೊರದ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದ. ಅವನ ಪಂಜರ ನೋಡಿದೆ. ಪಾಲಣ್ಣನಿಗೆ ಹೇಳಿಕಳಿಸಿದೆ.

ಮೂಡಣ ಗೋಡೆಯಲ್ಲಿ, ನುಗ್ಗೆಮರದ ಎದುರಿಗೆ, ಹೊಸ ಬಾಗಿಲು ಕೂರಿಸಿದ್ದೇವೆ. ಬೇವಿನ ಹೊಸ್ತಿಲು. ಅರಿಸಿನ ಕುಂಕುಮ ಹಚ್ಚಿದ್ದೇನೆ. ಇದನ್ನು ಯಾರೂ ಸೊಸೆಯಾಗಿ ದಾಟಿಲ್ಲ, ಯಾರನ್ನೂ ಇದರಿಂದ ಹೊರಗೆ ಕಳಿಸಿಲ್ಲ. ಮುರುಗೇಶಪ್ಪ ಬಂದು ಸುತ್ತ ನೋಡಿ, 'ಇದಕ್ಕೆ ಪದ್ಧತಿ ಏನೂ ಇಲ್ಲ' ಎಂದ. 'ಇಲ್ಲ ಅಲ್ವೇನಪ್ಪ, ಮತ್ತೆ ಯಾವುದು ಮುರೀತು?' ಎಂದೆ. ತಲೆ ಕೆರೆದುಕೊಂಡು, ಬಾಗಿಲ ಚೌಕಟ್ಟು ಸ್ವಲ್ಪ ಓರೆಯಾಗಿದೆ ಎಂದು ಪಾಲಣ್ಣನಿಗೆ ತಿದ್ದಲು ಹೇಳಿ ಹೋದ. ಅವನ ಒಪ್ಪಿಗೆ ಎಂದರೆ ಅಷ್ಟೇ.

ಏಳನೆಯ ತಿಂಗಳಿಗೆ ಬಾ. ದಾವಣಗೆರೆವರೆಗೆ ಬಸ್ಸು, ಅಲ್ಲಿಗೆ ಕಮಾನಿನ ಗಾಡಿ ಕಳಿಸುತ್ತೇನೆ. ಸಂಗಣ್ಣನಿಂದ ನಾನು ಕಲಿತದ್ದು ಒಂದೇ ಪಾಠ, ಕೈಹಾಕಿ ಎಳೆಯಕೂಡದು ಎಂದು. ಆದ್ದರಿಂದ ಒತ್ತಾಯವಿಲ್ಲ. ಬಾಗಿಲು ತೆಗೆದಿದೆ. ನಾನು ಒಳಗೆ ಅಕ್ಕಿ ಆರಿಸುತ್ತಾ ಕೂತಿರುತ್ತೇನೆ.

ಪ್ರತಿ ಕಾಗದದಲ್ಲೂ ನನ್ನನ್ನು ಏನೆಂದು ಕರೆಯುವುದೋ ಎಂದು ಒದ್ದಾಡುತ್ತೀ. ಬಂದಾಗ ಬಾಯಿಗೆ ಯಾವುದು ಬರುತ್ತದೋ ಅದನ್ನೇ ಕರೆ.

ಇಂತಿ,
ಶಂಕರಮ್ಮ


ಚನ್ನಗಿರಿ
೧೧-೬-೧೯೩೯

ಜಗಳೂರಿನ ಕೊಟ್ರಬಸಪ್ಪನವರಿಗೆ ಶಂಕರಮ್ಮನ ಶರಣು.

ಮಗಳು ಹುಟ್ಟಿದ ಸುದ್ದಿ ಪಾಲಣ್ಣನ ಕೈಲಿ ನಿಮಗೆ ತಲುಪಿದೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಐನೋರು ಬಂದು ಮಗುವಿಗೆ ಲಿಂಗ ಕಟ್ಟಿ ಹೋದರು, ಬಂದದ್ದು ಹೊಸ ಬಾಗಿಲಿನಿಂದಲೇ. ಮುರುಗೇಶಪ್ಪ ದಿನಾ ಅದೇ ಬಾಗಿಲಲ್ಲಿ ಬಂದು ತೊಟ್ಟಿಲು ತೂಗುತ್ತಾನೆ, ಕೇಳಿದರೆ ಇದು ಹತ್ತಿರದ ದಾರಿ ಎನ್ನುತ್ತಾನೆ. ಹುಣ್ಣಿಮೆ ಕಳೆದ ಮೇಲೆ ನಾಮಕರಣ. ನೀವು ಬರಬೇಕು. ಬಾಗಿಲಲ್ಲಿ ಕೆಮ್ಮುವ ಅಗತ್ಯವಿಲ್ಲ, ನಿಮ್ಮದೇ ಮನೆ.

ನಿಮಗೆ ನಾನು ಋಣಿ. ನನ್ನ ಸೊಸೆಯನ್ನು ಕರೆದೊಯ್ದಿರಿ, ನನ್ನ ಮಗಳನ್ನು ಕಳಿಸಿಕೊಟ್ಟಿರಿ. ಅಂದು ಗಾಡಿ ನುಗ್ಗೆಮರದ ಹತ್ತಿರ ನಿಂತಾಗ ನಾನು ಮೊರ ಬಿಟ್ಟು ಏಳಲಿಲ್ಲ. ಕಸ್ತೂರಿ ಹೊಸ್ತಿಲ ಆಚೆ ಎಷ್ಟೋ ಹೊತ್ತು ನಿಂತಳು. ಆಮೇಲೆ ಅವಳೇ ಒಳಗೆ ಬಂದು, 'ಅವ್ವಾ, ನೀರು ಕೊಡು, ಬಾಯಾರೈತೆ' ಎಂದಳು. ಇಷ್ಟನ್ನು ನಿಮಗೆ ಅವಳು ಬರೆದಿರಲಾರಳು.

ಇನ್ನು ನಿಮ್ಮ ಶೇಂಗಾ ತಿಂದ ಗಿಣಿಯ ವಿಷಯ. ಅದರ ಬಾಯಿಂದ ಮಗನ ದನಿ ಕೇಳಬೇಕೆಂದು ಒಂದು ವರ್ಷ ಕಾದದ್ದು, ಎಂಜಲು ಹಣ್ಣು ತಿನ್ನಿಸಿದ್ದು ನಿಮಗೆ ಗೊತ್ತು. ನಿನ್ನೆ ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ಹಿಂದಿನಿಂದ ಯಾರೋ 'ಅವ್ವಾ' ಎಂದರು. 'ಬಂದೆ ತಡಿಯೇ' ಎಂದೆ. ಮತ್ತೆ 'ಅವ್ವಾ' ಎಂದಿತು. ತಿರುಗಿ ನೋಡಿದರೆ ಕಸ್ತೂರಿ ನಿದ್ದೆಯಲ್ಲಿದ್ದಾಳೆ. ತೊಟ್ಟಿಲ ಹಗ್ಗದ ಮೇಲೆ ಸಂಗಣ್ಣ ಕೂತಿದ್ದಾನೆ.

ಅದು ಮರುಳಸಿದ್ದನ ದನಿಯಲ್ಲ. ಎರಡೂವರೆ ತಿಂಗಳಿಂದ ಈ ಮನೆಯಲ್ಲಿ ಕೇಳುತ್ತಿರುವ ನಿಮ್ಮ ಹೆಂಡತಿಯ ದನಿ. ಅವನದನ್ನು ಅದು ಮರೆತುಬಿಟ್ಟಿದೆ ಎಂದು ನನಗೆ ತಿಳಿಯಿತು. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಎಣ್ಣೆಗೈಯಲ್ಲೇ ಎದ್ದು ಹೋಗಿ ಒಂದು ಪೇರಲ ಕಚ್ಚಿ, ಅರ್ಧ ಅದಕ್ಕೆ ಕೊಟ್ಟೆ.

ಇಂತಿ,
ಕಸ್ತೂರಿಯ ಅವ್ವ
ಶಂಕರಮ್ಮ